ಕ್ಲಿಯರೆನ್ಸ್ ಇದ್ದವರು ಕೆಲಸ ಹುಡುಕುವುದೆಲ್ಲಿ? ಅಮೆರಿಕದ ಜಾಬ್ ಸೈಟುಗಳ ಹೋಲಿಕೆ

ವಾಷಿಂಗ್ಟನ್ ಡಿಸಿ ಸುತ್ತಮುತ್ತಲಿನ ಕನ್ನಡದವರು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಊಟದ ಸಾಲಿನಲ್ಲಿ ನನಗೆ ಎರಡು ಪ್ರಶ್ನೆ ತಪ್ಪದೆ ಎದುರಾಗುತ್ತವೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಕೇಳುವುದು: "ಆಂಟಿ, ನನಗೆ ಸೀಕ್ರೆಟ್ ಕ್ಲಿಯರೆನ್ಸ್ ಇದೆ, ರೆಸ್ಯೂಮೆ ಎಲ್ಲಿ ಹಾಕಲಿ?" ಬೆಂಗಳೂರಿನಿಂದ ಬಂದು ನಾಲ್ಕೈದು ವರ್ಷ ಆದವರು ಕೇಳುವುದು: "ಎಚ್-1ಬಿ ಇಟ್ಟುಕೊಂಡು ಆ ಥರದ ಕೆಲಸಕ್ಕೆ ಅರ್ಜಿ ಹಾಕಬಹುದಾ?" ಎರಡನೆಯದಕ್ಕೆ ಉತ್ತರ ಚಿಕ್ಕದು. ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೂ ಸಾಲದು, ಅಮೆರಿಕದ ಪೌರತ್ವ ಬೇಕು. ಮೊದಲನೆಯದಕ್ಕೆ ಉತ್ತರ ಉದ್ದ. ಸಾಲಿನಲ್ಲಿ ತಟ್ಟೆ ಹಿಡಿದು ಹೇಳಿ ಮುಗಿಸಲು ಆಗದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸರ್ಕಾರದ ಗುಟ್ಟಿನ ಮಾಹಿತಿಯನ್ನು ನಿಮ್ಮ ಕೈಗೆ ಕೊಡಬಹುದು ಎಂದು ಸರ್ಕಾರವೇ ವಿಚಾರಣೆ ಮಾಡಿ ತೀರ್ಮಾನಿಸುವುದೇ ಕ್ಲಿಯರೆನ್ಸ್. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಮೂರು ಮಟ್ಟ. ಜಾಹೀರಾತುಗಳಲ್ಲಿ ಕಾಣುವ ಟಿಎಸ್/ಎಸ್‌ಸಿಐ ನಾಲ್ಕನೆಯ ಮಟ್ಟವಲ್ಲ, ಟಾಪ್ ಸೀಕ್ರೆಟ್ ಇದ್ದವರಿಗೆ ಕೆಲವು ವಿಶೇಷ ಬಗೆಯ ಮಾಹಿತಿಗೆ ಸಿಗುವ ಪ್ರವೇಶ. ಇಂಧನ ಇಲಾಖೆಯವರು ತಮ್ಮದನ್ನು ಕ್ಯೂ, ಎಲ್ ಎಂದು ಕರೆಯುತ್ತಾರೆ. ದುಡ್ಡು ಕೊಟ್ಟು ಇದನ್ನು ಮಾಡಿಸಿಕೊಳ್ಳಲು ಬರುವುದಿಲ್ಲ. ಸರ್ಕಾರದ ಒಂದು ಇಲಾಖೆಯೋ, ಅದರ ಗುತ್ತಿಗೆ ಹಿಡಿದ ಕಂಪನಿಯೋ ನಿಮ್ಮನ್ನು ಕೆಲಸಕ್ಕೆ ಬೇಕೆಂದು ಮುಂದೆ ತಂದಾಗ ಮಾತ್ರ ಎಸ್‌ಎಫ್-86 ಎಂಬ ಉದ್ದದ ಫಾರಂ ನಿಮ್ಮ ಮುಂದೆ ತೆರೆಯುತ್ತದೆ. "ಇಷ್ಟು ಡಾಲರ್ ಕೊಡಿ, ಕ್ಲಿಯರೆನ್ಸ್ ಮಾಡಿಸಿಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅವರು ಮೋಸಗಾರರು.

ಸೈಟು ಆರಿಸುವ ಮೊದಲು ನಿಮ್ಮ ಕ್ಲಿಯರೆನ್ಸ್ ಯಾವ ಸ್ಥಿತಿಯಲ್ಲಿದೆ ಎಂದು ತಿಳಿದುಕೊಳ್ಳಿ. ಈಗಿನ ಕೆಲಸದಲ್ಲಿ ಬಳಕೆಯಲ್ಲಿದ್ದರೆ ಅದು ಆ್ಯಕ್ಟಿವ್. ಕೆಲಸ ಬಿಟ್ಟಿದ್ದೀರಿ, ಆದರೆ ಬಿಟ್ಟು 24 ತಿಂಗಳು ದಾಟಿಲ್ಲ, ವಿಚಾರಣೆಯೂ ಹಳತಾಗಿಲ್ಲ ಎಂದರೆ ಕರೆಂಟ್; ಹೊಸ ಕಂಪನಿ ಅದನ್ನು ಹೆಚ್ಚು ತಾಪತ್ರಯವಿಲ್ಲದೆ ಮತ್ತೆ ಜೀವಂತ ಮಾಡಬಹುದು. ಆ ಗಡಿ ದಾಟಿದರೆ ಸಾಮಾನ್ಯವಾಗಿ ಮೊದಲಿನಿಂದ ಶುರು. ನಿಯಮಗಳು ಈಗ ಬದಲಾಗುವ ಹಾದಿಯಲ್ಲಿವೆ. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ನಡೆಯುತ್ತಿದ್ದ ಮರುವಿಚಾರಣೆಯ ಜಾಗಕ್ಕೆ ಸದಾಕಾಲದ ತಪಾಸಣೆ ಬಂದಿದೆ. ಆದರೂ ರಿಕ್ರೂಟರ್‌ಗಳ ತಲೆಯಲ್ಲಿ ಕೂತಿರುವುದು ಆ 24 ತಿಂಗಳೇ. ಕೆಲಸ ಬಿಟ್ಟ ದಿನ ನಿಮ್ಮನ್ನು ಡಿಬ್ರೀಫ್ ಮಾಡುತ್ತಾರಲ್ಲ, ಅಂದರೆ ಗುಟ್ಟು ಕಾಯುವ ಹೊಣೆ ನೆನಪಿಸಿ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಆ ತಾರೀಖು ಬರೆದಿಟ್ಟುಕೊಳ್ಳಿ.

ಬೇರೆಯವರು ಜಾಬ್ ಸೈಟನ್ನು ಅಳೆಯುವುದು ಅದರಲ್ಲಿ ಎಷ್ಟು ಕೆಲಸ ಇವೆ ಎಂದು. ಕ್ಲಿಯರೆನ್ಸ್ ಇದ್ದವರು ಮೊದಲು ಕೇಳಬೇಕಾದ್ದು, ಅಲ್ಲಿ ನನ್ನನ್ನು ಯಾರು ಯಾರು ನೋಡಬಹುದು? ನನ್ನ ಹೋಲಿಕೆ ಪೂರ್ತಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಕ್ಲಿಯರೆನ್ಸ್‌ಜಾಬ್ಸ್ ಮತ್ತು ಕ್ಲಿಯರ್ಡ್‌ಜಾಬ್ಸ್.ನೆಟ್

ಕ್ಲಿಯರೆನ್ಸ್‌ಜಾಬ್ಸ್ 2002ರಲ್ಲಿ ಶುರುವಾಯಿತು. ಈಗ ಅದು, ಐಟಿಯವರಿಗೆ ಪರಿಚಯವಿರುವ ಡೈಸ್ ಸೈಟಿನ ಒಡೆತನವೂ ಇರುವ ಡಿಎಚ್‌ಐ ಗ್ರೂಪಿನದು. ಕೆಲಸ ಹುಡುಕುವವರಿಗೆ ಉಚಿತ. ಬಾಗಿಲಲ್ಲೇ ಒಂದು ಜರಡಿ ಇದೆ: ಆ್ಯಕ್ಟಿವ್ ಅಥವಾ ಕರೆಂಟ್ ಕ್ಲಿಯರೆನ್ಸ್ ಇರುವ ಅಮೆರಿಕದ ಪೌರರಿಗೆ ಎಂದೇ ಮಾಡಿದ ಸೈಟು, ಆಚೆ ಕಡೆ ಅಂಥವರನ್ನೇ ಹುಡುಕುವ ಕಂಪನಿಗಳು. ಆದರೆ ಒಂದು ಮಾತು ನೆನಪಿರಲಿ. ನಿಮಗೆ ಟಾಪ್ ಸೀಕ್ರೆಟ್ ಇದೆ ಎಂದು ನೀವು ಬರೆದದ್ದನ್ನು ಯಾವ ಜಾಬ್ ಸೈಟೂ ಸರ್ಕಾರದ ದಾಖಲೆಗೆ ತಾಳೆ ಹಾಕಿ ನೋಡಲಾರದು. ಅದನ್ನು ನೋಡುವವರು ಕಂಪನಿಯ ಎಫ್‌ಎಸ್‌ಒ, ಅಂದರೆ ಭದ್ರತೆಯ ಹೊಣೆ ಹೊತ್ತ ಅಧಿಕಾರಿ. ಅವರು ನೋಡುವುದು ಡಿಸ್ ಎಂಬ ರಕ್ಷಣಾ ಇಲಾಖೆಯ ವ್ಯವಸ್ಥೆಯಲ್ಲಿ. 2021ರವರೆಗೆ ಈ ಕೆಲಸಕ್ಕಿದ್ದದ್ದು ಜೆಪಾಸ್. ಹಳಬರು ಇನ್ನೂ "ಜೆಪಾಸ್‌ನಲ್ಲಿ ನೋಡ್ತೀವಿ" ಎನ್ನುತ್ತಾರೆ. ಹಾಗಾಗಿ ಆ ಸೈಟಿನೊಳಗೆ ಇರುವವರೆಲ್ಲ ಪರೀಕ್ಷೆ ಪಾಸಾದವರು ಎಂಬ ಭ್ರಮೆ ಬೇಡ.

ನನ್ನ ಅನುಭವದಲ್ಲಿ ಇಲ್ಲಿ ಅರ್ಜಿ ಹಾಕುವುದಕ್ಕಿಂತ ಪ್ರೊಫೈಲ್ ಸರಿಯಾಗಿ ಬರೆಯುವುದೇ ಹೆಚ್ಚು ಫಲ ಕೊಡುತ್ತದೆ. ರಿಕ್ರೂಟರ್‌ಗಳು ಕ್ಲಿಯರೆನ್ಸ್ ಮಟ್ಟ, ಊರು, ಒಂದೆರಡು ಕೌಶಲ ಹಾಕಿ ಹುಡುಕುತ್ತಾರೆ. ವಾರಕ್ಕೆ ಒಂದೆರಡು ಸಲವಾದರೂ ಲಾಗಿನ್ ಆಗುವವರು ಅವರ ಕಣ್ಣಿಗೆ ಬೇಗ ಬೀಳುತ್ತಾರೆ. ಸೈಬರ್ ಕೆಲಸದವರಾದರೆ ಸೆಕ್ಯೂರಿಟಿ ಪ್ಲಸ್ ಪ್ರಮಾಣಪತ್ರವನ್ನು ಮೇಲೆಯೇ ಬರೆಯಿರಿ. ರಕ್ಷಣಾ ಇಲಾಖೆಯ 8570, ಈಗಿನ 8140 ನಿಯಮದಿಂದಾಗಿ ಎಷ್ಟೋ ಕಂಪನಿಗಳಿಗೆ ಅದಿಲ್ಲದವರನ್ನು ಆ ಗುತ್ತಿಗೆಯಲ್ಲಿ ಕೂರಿಸಲು ಆಗುವುದಿಲ್ಲ.

ಕ್ಲಿಯರ್ಡ್‌ಜಾಬ್ಸ್.ನೆಟ್ ಇದೇ ಜಾತಿಯದು, ಸ್ವಲ್ಪ ಚಿಕ್ಕದು. ಅದರ ಬಲ ಇರುವುದು ಅವರು ನಡೆಸುವ ಉದ್ಯೋಗ ಮೇಳಗಳಲ್ಲಿ. ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಇರುವವರು ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿಬನ್ನಿ. ಪರದೆಯ ಹಿಂದೆ ಮೂರು ವಾರ ಉತ್ತರ ಕೊಡದ ಕಂಪನಿಯವರು ಅಲ್ಲಿ ಮೇಜಿನ ಆಚೆ ಕೂತು ಹತ್ತು ನಿಮಿಷ ಮಾತಾಡುತ್ತಾರೆ. ಮಾತು ಕಡಿಮೆ ಇರುವ ನಮ್ಮ ಹುಡುಗರಿಗೆ ಇದು ಕಷ್ಟ ಅನಿಸಬಹುದು, ಆದರೂ ಹೋಗಲೇಬೇಕು ಎನ್ನುತ್ತೇನೆ.

ಯುಎಸ್‌ಎಜಾಬ್ಸ್: ಸರ್ಕಾರದ ನೇರ ನೌಕರಿ

ಮೇಲಿನ ಎರಡರಲ್ಲೂ ಬಹುಪಾಲು ಗುತ್ತಿಗೆ ಕಂಪನಿಗಳ ಕೆಲಸ. ಸರ್ಕಾರದ ಸಂಬಳಪಟ್ಟಿಗೇ ಸೇರಬೇಕೆಂದರೆ ಒಪಿಎಂ, ಅಂದರೆ ಕೇಂದ್ರ ಸರ್ಕಾರದ ಸಿಬ್ಬಂದಿ ಕಚೇರಿ, ನಡೆಸುವ ಯುಎಸ್‌ಎಜಾಬ್ಸ್‌ಗೆ ಹೋಗಬೇಕು. ಇಲ್ಲಿ ಮರೆಮಾಚುವುದು ಕಡಿಮೆ. ಜಿಎಸ್ ಎಂಬ ಸಂಬಳದ ಶ್ರೇಣಿಯಲ್ಲಿ 15 ದರ್ಜೆ, ಪ್ರತಿ ದರ್ಜೆಗೆ 10 ಹಂತ, ಮೇಲೆ ಊರಿಗೆ ತಕ್ಕ ಭತ್ಯೆ. ಸಂಬಳ ಎಷ್ಟು ಎಂದು ಅರ್ಜಿಗೆ ಮುಂಚೆಯೇ ಗೊತ್ತಾಗುತ್ತದೆ. ಕ್ಲಿಯರೆನ್ಸ್ ಬೇಕೋ ಬೇಡವೋ, ಯಾವ ಮಟ್ಟದ್ದು ಎಂಬುದಕ್ಕೆ ಬೇರೆ ಸಾಲೇ ಇದೆ. ಕ್ಲಿಯರೆನ್ಸ್ ಇಲ್ಲದವರೂ ಅರ್ಜಿ ಹಾಕಬಹುದಾದ ಕೆಲಸಗಳು ಇಲ್ಲಿ ಸಿಗುತ್ತವೆ, ಏಕೆಂದರೆ ಆಯ್ಕೆಯಾದ ಮೇಲೆ ಇಲಾಖೆಯೇ ವಿಚಾರಣೆ ಮಾಡಿಸುತ್ತದೆ.

ತೊಡಕು ಏನೆಂದರೆ ನಿಧಾನ, ಮತ್ತು ನಿಯಮಗಳ ಕಟ್ಟುನಿಟ್ಟು. ಒಂದು ಕಾಲಕ್ಕೆ ಐದಾರು ಪುಟದ ರೆಸ್ಯೂಮೆ ಬರೆಯಿರಿ ಎಂದು ನಾನೇ ಹೇಳಿಕೊಡುತ್ತಿದ್ದೆ. 2025ರ ಸೆಪ್ಟೆಂಬರ್ ಕೊನೆಯಿಂದ ಎರಡೇ ಪುಟ. ಹಳೆಯ ಸಲಹೆ ಹಿಡಿದು ಅರ್ಜಿ ಹಾಕಬೇಡಿ. ಆ ಎರಡು ಪುಟದೊಳಗೇ ಪ್ರತಿ ಕೆಲಸದ ತಿಂಗಳು, ವರ್ಷ, ವಾರಕ್ಕೆ ಎಷ್ಟು ಗಂಟೆ ಎಲ್ಲ ಇರಬೇಕು. ಇನ್ನೊಂದು, ಎಷ್ಟೋ ಪ್ರಕಟಣೆಗಳು ಕೊನೆಯ ದಿನಾಂಕದವರೆಗೆ ಕಾಯುವುದಿಲ್ಲ. ಮೊದಲ ಇಷ್ಟು ಅರ್ಜಿ ಬಂದ ದಿನವೇ ಮುಚ್ಚುತ್ತವೆ. ಹುಡುಕಾಟವನ್ನು ಸೇವ್ ಮಾಡಿ ದಿನಾ ಇಮೇಲ್ ಬರುವ ಹಾಗೆ ಇಟ್ಟುಕೊಳ್ಳುವುದು ಅದಕ್ಕೇ. 2025ರ ಜನವರಿ 20ರಂದು ಬಂದ ನೇಮಕಾತಿ ತಡೆಯ ನಂತರ ಈ ದಾರಿ ಇನ್ನೂ ಕಿರಿದಾಯಿತು. ರಾಷ್ಟ್ರೀಯ ಭದ್ರತೆಯ ಹುದ್ದೆಗಳಿಗೆ ಆ ತಡೆಯಿಂದ ವಿನಾಯಿತಿ ಇತ್ತು ನಿಜ, ಆದರೆ ಸರ್ಕಾರಿ ಕೆಲಸ ಬಿಟ್ಟ, ಕ್ಲಿಯರೆನ್ಸ್ ಇರುವ ಅನುಭವಿಗಳು ಆ ವರ್ಷ ಗುತ್ತಿಗೆ ಕೆಲಸಕ್ಕೂ ಪೈಪೋಟಿಗೆ ಇಳಿದರು.

ಸಿಐಎ, ಎನ್‌ಎಸ್‌ಎಯಂಥ ಗುಪ್ತಚರ ಸಂಸ್ಥೆಗಳಿಗೆ ಅವರವರ ಸೈಟುಗಳಿಂದಲೇ ಅರ್ಜಿ. ಸಿಐಎಗೆ ಹಾಕಿದ್ದೀರಿ ಎಂದು ನೆಂಟರಿಷ್ಟರಿಗೆ ಹೇಳಬೇಡಿ. ಅವರೇ ಅದನ್ನು ಬರೆದಿದ್ದಾರೆ. ಅಜ್ಜಿಗೆ ಫೋನಿನಲ್ಲಿ ಹೇಳಿದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುವ ಮನೆಗಳಿಂದ ಬಂದವರು ನಾವು. ಇಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ಅರ್ಜಿಯ ಭಾಗ.

ಲಿಂಕ್ಡ್‌ಇನ್: ಎಲ್ಲರೂ ಇರುವ ಜಾಗ

ಲಿಂಕ್ಡ್‌ಇನ್ ಬೇಡ ಎಂದು ಹೇಳುವವಳಲ್ಲ ನಾನು. ಹಳೆಯ ಸಹೋದ್ಯೋಗಿ ಈಗ ಯಾವ ಕಂಪನಿಯಲ್ಲಿದ್ದಾನೆ, ಯಾರು ಮ್ಯಾನೇಜರ್ ಆಗಿದ್ದಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕ್ಲಿಯರೆನ್ಸ್ ಲೋಕದಲ್ಲಿ ಒಳಗಿನವರ ಶಿಫಾರಸಿಗೆ ತೂಕ ಹೆಚ್ಚು. ಆದರೆ "ನನ್ನನ್ನು ಯಾರು ನೋಡಬಹುದು" ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ, ಜಗತ್ತೇ.

ಜುನ್ ವೇ ಯೋ ಎಂಬ ಸಿಂಗಪುರದವನ ಪ್ರಕರಣವನ್ನು ಪ್ರತಿಯೊಬ್ಬ ಕ್ಲಿಯರೆನ್ಸ್‌ದಾರರೂ ತಿಳಿದಿರಬೇಕು. ಚೀನಾದ ಗುಪ್ತಚರರಿಗಾಗಿ ಕೆಲಸ ಮಾಡುತ್ತಿದ್ದ ಆತ 2018ರಲ್ಲಿ ಒಂದು ನಕಲಿ ಸಲಹಾ ಕಂಪನಿಯ ಹೆಸರಿನಲ್ಲಿ ಆನ್‌ಲೈನ್ ಉದ್ಯೋಗ ಜಾಹೀರಾತು ಹಾಕಿದ. 400ಕ್ಕೂ ಹೆಚ್ಚು ರೆಸ್ಯೂಮೆ ಬಂದವು. ಅದರಲ್ಲಿ ಶೇ 90ರಷ್ಟು ಅಮೆರಿಕದ ಸೇನೆ ಮತ್ತು ಸರ್ಕಾರದಲ್ಲಿದ್ದ ಕ್ಲಿಯರೆನ್ಸ್ ಇರುವವರವು ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. ಆತ ಯಾವ ಬೀಗವನ್ನೂ ಒಡೆಯಲಿಲ್ಲ. ಜನ ತಾವಾಗಿಯೇ ಕಳುಹಿಸಿದರು, ನಾವು ದಿನಾ ಕಳುಹಿಸುವ ಹಾಗೆಯೇ. 2020ರ ಜುಲೈನಲ್ಲಿ ಆತ ತಪ್ಪೊಪ್ಪಿಕೊಂಡ. ಇದಕ್ಕೂ ಮುಂಚೆ, 2017ರಲ್ಲಿ, ಸಿಐಎಯಲ್ಲಿ ಕೆಲಸ ಮಾಡಿದ್ದ ಕೆವಿನ್ ಮ್ಯಾಲರಿ ಹಣದ ಮುಗ್ಗಟ್ಟಿನಲ್ಲಿದ್ದಾಗ ಅವರಿಗೂ ಸಂದೇಶ ಬಂದದ್ದು ಲಿಂಕ್ಡ್‌ಇನ್‌ನಲ್ಲೇ, ರಿಕ್ರೂಟರ್ ಎಂದು ಹೇಳಿಕೊಂಡವನಿಂದ. 2019ರಲ್ಲಿ ಅವರಿಗೆ 20 ವರ್ಷ ಶಿಕ್ಷೆಯಾಯಿತು.

ಅದಕ್ಕೆ ನಾನು ಪಾಲಿಸುವುದು ಹೀಗೆ: ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಕಂಪನಿ, ಹುದ್ದೆ, ತಂತ್ರಜ್ಞಾನ ಇರುತ್ತದೆ. ಕ್ಲಿಯರೆನ್ಸ್ ಮಟ್ಟ, ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಆಗಿದೆಯೋ ಇಲ್ಲವೋ, ಯಾವ ಇಲಾಖೆಗೆ ಕೆಲಸ ಎಂಬುದು ಇರುವುದಿಲ್ಲ. ಎಷ್ಟೋ ಜನ ಹೆಸರಿನ ಪಕ್ಕದಲ್ಲೇ ಕ್ಲಿಯರೆನ್ಸ್ ಬರೆದುಕೊಳ್ಳುತ್ತಾರೆ, ರಿಕ್ರೂಟರ್‌ಗಳೂ ಹಾಗೆ ಮಾಡಿ ಎನ್ನುತ್ತಾರೆ. ಅವರಿಗೆ ಹುಡುಕುವುದು ಸುಲಭವಾಗುತ್ತದೆ, ನಿಮ್ಮನ್ನು ಹುಡುಕುತ್ತಿರುವ ಬೇರೆಯವರಿಗೂ ಅಷ್ಟೇ ಸುಲಭವಾಗುತ್ತದೆ. ಹೊಗಳಿಕೆಯಿಂದ ಶುರುವಾಗಿ, ಗ್ರಾಹಕರ ಹೆಸರು ಹೇಳದೆ, ಮನೆಯಲ್ಲೇ ಕೂತು ಒಂದು ವರದಿ ಬರೆದುಕೊಟ್ಟರೆ ಸಾವಿರಾರು ಡಾಲರ್ ಎನ್ನುವ ಸಂದೇಶ ಬಂದರೆ ಉತ್ತರ ಬರೆಯದೆ ನಿಮ್ಮ ಭದ್ರತಾ ಅಧಿಕಾರಿಗೆ ತಿಳಿಸಿ.

ಇಂಡೀಡ್, ಡೈಸ್ ಬಗ್ಗೆ ಹೇಳುವುದು ಕಡಿಮೆ. ಒಂದೇ ಕೆಲಸ ಏಳೆಂಟು ಹೆಸರಿನಲ್ಲಿ ಕಾಣುತ್ತದೆ. ಮುಖ್ಯ ಗುತ್ತಿಗೆದಾರ ಯಾರು ಎಂದು ಪತ್ತೆಮಾಡಲು ಬಳಸಿ, ಅರ್ಜಿಯನ್ನು ಆ ಕಂಪನಿಯ ಸ್ವಂತ ಸೈಟಿನಲ್ಲಿ ಹಾಕಿ. ಲೈಡೋಸ್, ಬೂಜ್ ಆ್ಯಲನ್, ನಾರ್ತ್‌ರಾಪ್ ಗ್ರಮನ್, ಲಾಕ್‌ಹೀಡ್ ಮಾರ್ಟಿನ್‌ನಂಥ ದೊಡ್ಡ ಕಂಪನಿಗಳೆಲ್ಲ ತಮ್ಮ ಸೈಟಿನಲ್ಲಿ ಕ್ಲಿಯರೆನ್ಸ್ ಮಟ್ಟವನ್ನು ಸ್ಪಷ್ಟವಾಗಿ ಬರೆಯುತ್ತವೆ.

ಒಂದು ಜಾಹೀರಾತನ್ನು ಓದುವುದು ಹೇಗೆ

ಹೀಗೊಂದು ಜಾಹೀರಾತು ಇದೆ ಎನ್ನೋಣ. "ಸಿಸ್ಟಂ ಅಡ್ಮಿನ್, ಚಾಂಟಿಲಿ, ವರ್ಜೀನಿಯಾ. ಆ್ಯಕ್ಟಿವ್ ಟಿಎಸ್/ಎಸ್‌ಸಿಐ, ಸಿಐ ಪಾಲಿ. ಕಂಟಿಂಜೆಂಟ್ ಅಪಾನ್ ಅವಾರ್ಡ್." ಚಾಂಟಿಲಿ, ಅಂದರೆ ಬೇಹು ಉಪಗ್ರಹಗಳ ಸಂಸ್ಥೆ ಇರುವ ಊರು, ಎಂದರೆ ಮನೆಯಿಂದ ಕೆಲಸ ಇರುವುದಿಲ್ಲ. ಕಿಟಕಿ ಇಲ್ಲದ ಕೋಣೆ, ಫೋನು ಹೊರಗಿನ ಡಬ್ಬಿಯಲ್ಲಿ. ಸಿಐ ಪಾಲಿ ಎಂದರೆ ಬೇಹುಗಾರಿಕೆಯ ಸುತ್ತ ಮಾತ್ರ ಪ್ರಶ್ನೆ ಕೇಳುವ ಪಾಲಿಗ್ರಾಫ್. ಫುಲ್ ಸ್ಕೋಪ್ ಎಂದಿದ್ದರೆ ಸ್ವಂತ ಜೀವನದ ಪ್ರಶ್ನೆಗಳೂ ಸೇರುತ್ತವೆ. "ಮಸ್ಟ್ ಹ್ಯಾವ್ ಆ್ಯಕ್ಟಿವ್" ಎಂದಿದ್ದರೆ ಕ್ಲಿಯರೆನ್ಸ್ ಇಲ್ಲದವರು ಸಮಯ ಕಳೆಯಬೇಡಿ. "ಎಬಿಲಿಟಿ ಟು ಅಬ್ಟೇನ್" ಎಂದಿದ್ದರೆ ಕಂಪನಿಯೇ ಮಾಡಿಸಲು ತಯಾರಿದೆ ಎಂದರ್ಥ. ಹೊಸಬರು ಎಲ್ಲ ಸೈಟುಗಳಲ್ಲೂ ಈ ಮೂರು ಪದವನ್ನೇ ಹಾಕಿ ಹುಡುಕಬೇಕು.

"ಕಂಟಿಂಜೆಂಟ್ ಅಪಾನ್ ಅವಾರ್ಡ್" ಎಂಬ ಕೊನೆಯ ಸಾಲೇ ನನ್ನನ್ನು ಒಮ್ಮೆ ಸುಟ್ಟದ್ದು. ಗುತ್ತಿಗೆ ಇನ್ನೂ ಕಂಪನಿಯ ಕೈಗೆ ಬಂದಿಲ್ಲ, ಬಂದರೆ ಮಾತ್ರ ಕೆಲಸ ಎಂದು ಅದರ ಅರ್ಥ. ಒಂದು ಚಿಕ್ಕ ಕಂಪನಿ ನನ್ನ ರೆಸ್ಯೂಮೆ ತೆಗೆದುಕೊಂಡು, ಆಫರ್ ಪತ್ರಕ್ಕೆ ಸಹಿ ಹಾಕಿಸಿಕೊಂಡು, ತನ್ನ ಟೆಂಡರಿಗೆ ಲಗತ್ತಿಸಿತು. ಐದು ತಿಂಗಳು "ಮುಂದಿನ ವಾರ" ಎನ್ನುತ್ತಿದ್ದರು. ಗುತ್ತಿಗೆ ಬೇರೆಯವರಿಗೆ ಹೋಯಿತು. ಅಷ್ಟು ಹೊತ್ತಿಗೆ ನನ್ನ 24 ತಿಂಗಳಲ್ಲಿ ಹದಿಮೂರು ಕಳೆದಿದ್ದವು. ಈಗ ಯಾರೇ ಕರೆದರೂ ನನ್ನ ಮೊದಲ ಪ್ರಶ್ನೆ: ಇದು ಹಣ ಮಂಜೂರಾಗಿ ಖಾಲಿ ಇರುವ ಹುದ್ದೆಯೋ, ಇನ್ನೂ ಬರಬೇಕಾದ ಗುತ್ತಿಗೆಯೋ? ನೀವು ಮುಖ್ಯ ಗುತ್ತಿಗೆದಾರರೋ, ಉಪಗುತ್ತಿಗೆದಾರರೋ? ಬರಬೇಕಾದ್ದಾದರೆ ಒಪ್ಪಿಕೊಳ್ಳಿ, ತಪ್ಪಿಲ್ಲ, ಆದರೆ ಹುಡುಕಾಟ ನಿಲ್ಲಿಸಬೇಡಿ.

ಸಂಬಳದ ಅಂದಾಜಿಗೆ ಮೇರಿಲ್ಯಾಂಡ್ ಮತ್ತು ಡಿಸಿಯ ಜಾಹೀರಾತುಗಳನ್ನು ನೋಡಿ. 2024ರಿಂದ ಅಲ್ಲಿನ ಕಾನೂನಿನ ಪ್ರಕಾರ ಸಂಬಳದ ವ್ಯಾಪ್ತಿ ಬರೆಯಲೇಬೇಕು. ಮೇರಿಲ್ಯಾಂಡ್‌ನಲ್ಲಿ ಎನ್‌ಎಸ್‌ಎ ಇರುವ ಫೋರ್ಟ್ ಮೀಡ್ ಸುತ್ತಲಿನ ಅಂಕಿ ಕೈಯಲ್ಲಿದ್ದರೆ ವರ್ಜೀನಿಯಾದಲ್ಲಿ ಮಾತಾಡುವಾಗ ಧೈರ್ಯ ಬರುತ್ತದೆ.

ರೆಸ್ಯೂಮೆಯಲ್ಲಿ ಏನು ಬೇಡ, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯೂರಿಟಿ ನಂಬರ್) ಯಾವಾಗ

ಕ್ಲಿಯರೆನ್ಸ್ ಸೈಟಿಗೆ ಹಾಕುವ ರೆಸ್ಯೂಮೆಯಲ್ಲಿ ಮಟ್ಟ ಬರೆಯಬಹುದು. ಯೋಜನೆಯ ಗುಪ್ತ ಹೆಸರು, ಜಾಗದ ವಿವರ, ಎಷ್ಟು ಜನ, ಯಾವ ಸಾಮರ್ಥ್ಯ ಎಂಬುದು ಬೇಡ. ಸಿಐಎ, ಎನ್‌ಎಸ್‌ಎಯಲ್ಲಿ ಕೆಲಸ ಮಾಡಿದವರು ರೆಸ್ಯೂಮೆಯನ್ನು ಹೊರಗೆ ಬಿಡುವ ಮೊದಲು ಅಲ್ಲಿನ ಪರಿಶೀಲನಾ ಕಚೇರಿಗೆ ತೋರಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಕೆಲಸ ಬಿಡುವ ಯೋಚನೆ ಬಂದಾಗಲೇ ಕಳುಹಿಸಿ.

ಕಂಪನಿಯ ಎಫ್‌ಎಸ್‌ಒ ನಿಮ್ಮನ್ನು ಡಿಸ್‌ನಲ್ಲಿ ಹುಡುಕಲು ಎಸ್‌ಎಸ್‌ಎನ್ ಬೇಕು, ಇದು ನಿಜ. ಆದ್ದರಿಂದಲೇ ಮೋಸಗಾರರಿಗೂ ಅದನ್ನು ಕೇಳಲು ನೆಪ ಸಿಕ್ಕಿದೆ. ಮೊದಲ ಫೋನಿನಲ್ಲೇ "ಕ್ಲಿಯರೆನ್ಸ್ ಚೆಕ್ ಮಾಡಬೇಕು, ನಂಬರ್ ಹೇಳಿ" ಎಂದರೆ ಹೇಳಬೇಡಿ. ಸಂದರ್ಶನ ಆಗಲಿ, ಹುದ್ದೆ ಖಚಿತವಾಗಲಿ. ಆಮೇಲೆ ಕಂಪನಿಯ ಅಧಿಕೃತ ನಂಬರಿಗೆ ನೀವೇ ಫೋನ್ ಮಾಡಿ ಎಫ್‌ಎಸ್‌ಒ ಅವರನ್ನೇ ಕೇಳಿ ಅವರಿಗೆ ಕೊಡಿ. ಇಮೇಲ್‌ನಲ್ಲಿ ಬರೆಯಬೇಡಿ. ಒಪಿಎಂನಿಂದಲೇ 2.15 ಕೋಟಿ ಜನರ ಹಿನ್ನೆಲೆ ವಿಚಾರಣೆಯ ದಾಖಲೆ ಕಳುವಾಗಿದ್ದು 2015ರಲ್ಲಿ ಬೆಳಕಿಗೆ ಬಂತು. "ಹೇಗೂ ಹೋಗಿದೆಯಲ್ಲ" ಎಂದು ಕೈಚೆಲ್ಲುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಮ್ಮೆ ಮನೆಗೆ ಕಳ್ಳ ನುಗ್ಗಿದ್ದಕ್ಕೆ ಬಾಗಿಲು ತೆರೆದಿಟ್ಟು ಮಲಗುತ್ತೇವೆಯೇ?

ಹಾಗಾದರೆ ಯಾವುದು?

ಕ್ಲಿಯರೆನ್ಸ್ ಆ್ಯಕ್ಟಿವ್ ಇದ್ದು ಈಗ ಕೆಲಸದಲ್ಲಿದ್ದೀರಾ? ಕ್ಲಿಯರೆನ್ಸ್‌ಜಾಬ್ಸ್ ಒಂದು ಸಾಕು, ಜೊತೆಗೆ ಹಳೆಯ ಸಹೋದ್ಯೋಗಿಗಳಿಗೆ ನಾಲ್ಕು ಫೋನು. ನಿಮ್ಮ ಈಗಿನ ಕಂಪನಿಯ ರಿಕ್ರೂಟರ್‌ಗಳೂ ಅದೇ ಸೈಟಿನಲ್ಲಿ ಇರುತ್ತಾರೆ ಎಂಬುದು ನೆನಪಿರಲಿ. ಪ್ರೊಫೈಲ್ ಯಾರಿಗೆ ಕಾಣಬೇಕು ಎಂಬ ಸೆಟ್ಟಿಂಗನ್ನು ಮೊದಲು ನೋಡಿ. ಕೆಲಸ ಹೋಗಿ 24 ತಿಂಗಳ ಗಡಿಯಾರ ಓಡುತ್ತಿದ್ದರೆ ಎರಡೂ ಕ್ಲಿಯರೆನ್ಸ್ ಸೈಟು, ಉದ್ಯೋಗ ಮೇಳ, ದೊಡ್ಡ ಕಂಪನಿಗಳ ಸೈಟು ಎಲ್ಲವನ್ನೂ ಒಟ್ಟಿಗೆ ಹಿಡಿಯಿರಿ. ಸಂಬಳ ತುಸು ಕಡಿಮೆಯಾದರೂ ಕ್ಲಿಯರೆನ್ಸ್ ಉಳಿಸುವ ಕೆಲಸಕ್ಕೆ ಒಪ್ಪಿಕೊಳ್ಳುವುದು ಆಗ ಜಾಣತನ. ಯುಎಸ್‌ಎಜಾಬ್ಸ್ ಒಂದನ್ನೇ ನಂಬಿದರೆ ಸಮಯ ಮೀರಿಹೋಗಬಹುದು.

ಪೌರತ್ವ ಇದೆ, ಕ್ಲಿಯರೆನ್ಸ್ ಇಲ್ಲ ಎನ್ನುವ ಮಕ್ಕಳಿಗೆ ಯುಎಸ್‌ಎಜಾಬ್ಸ್‌ನ ವಿದ್ಯಾರ್ಥಿ ಕಾರ್ಯಕ್ರಮಗಳು, ಎನ್‌ಎಸ್‌ಎ ಇಂಟರ್ನ್‌ಶಿಪ್, ಸ್ಯಾಂಡಿಯಾ, ಲಾಸ್ ಅಲಾಮೋಸ್, ಲಿವರ್‌ಮೋರ್ ಪ್ರಯೋಗಾಲಯಗಳ ಸೈಟುಗಳು. ಕಾಲೇಜು ಮೂರನೇ ವರ್ಷದಲ್ಲೇ ಶುರುಮಾಡಿ. ಗಾಂಜಾ ಎಷ್ಟೋ ರಾಜ್ಯಗಳಲ್ಲಿ ಕಾನೂನುಬದ್ಧ, ಆದರೆ ಕೇಂದ್ರ ಕಾನೂನಿನಲ್ಲಿ ಅಲ್ಲ, ಎಸ್‌ಎಫ್-86 ಕೇಳುವುದು ಕೇಂದ್ರದ ಲೆಕ್ಕವನ್ನು. ಇದನ್ನು ಅವರಿಗೆ ಬೇಗ ಹೇಳಿ. ಗ್ರೀನ್ ಕಾರ್ಡ್‌ನವರು "ಪಬ್ಲಿಕ್ ಟ್ರಸ್ಟ್" ಎಂದು ಹುಡುಕಿ ನೋಡಬಹುದು. ಅದು ಕ್ಲಿಯರೆನ್ಸ್ ಅಲ್ಲ, ಸೂಕ್ಷ್ಮ ಹುದ್ದೆಗಳಿಗೆ ಮಾಡುವ ಹಿನ್ನೆಲೆ ತಪಾಸಣೆ; ಕೆಲವು ಇಲಾಖೆಗಳ ಅಂಥ ಗುತ್ತಿಗೆ ಕೆಲಸಗಳಿಗೆ ಅವರನ್ನೂ ತೆಗೆದುಕೊಳ್ಳುತ್ತಾರೆ.

ನಮ್ಮವರಿಗೇ ಅಂಟಿಕೊಂಡ ಒಂದು ಸಂಗತಿ ಉಳಿಯಿತು. ಮೈಸೂರಿನಲ್ಲಿ ಅಪ್ಪ ನಿಮ್ಮ ಹೆಸರಿಗೆ ತೆಗೆದಿಟ್ಟ ಸೈಟು, ಎನ್‌ಆರ್‌ಇ ಖಾತೆ, ಒಸಿಐ ಕಾರ್ಡ್, ಅಲ್ಲಿರುವ ತಂದೆತಾಯಿ, ಪ್ರತಿ ಡಿಸೆಂಬರಿನ ಪ್ರಯಾಣ. ಇವೆಲ್ಲ ಫಾರಂನಲ್ಲಿ ಬರಬೇಕಾದ ವಿಷಯ. ಇದ್ದರೆ ಕ್ಲಿಯರೆನ್ಸ್ ಸಿಗುವುದಿಲ್ಲ ಎಂದೇನಿಲ್ಲ, ಮುಚ್ಚಿಟ್ಟರೆ ಖಂಡಿತ ತೊಂದರೆ. ಆದರೆ ಇದನ್ನು ಜಾಬ್ ಸೈಟಿನ ಪ್ರೊಫೈಲಿನಲ್ಲಿ ಬರೆಯುವ ಅಗತ್ಯ ಇಲ್ಲ, ಫೋನಿನಲ್ಲಿ ರಿಕ್ರೂಟರ್‌ಗೆ ವಿವರಿಸುವ ಅಗತ್ಯವೂ ಇಲ್ಲ. "ಅಮೆರಿಕದ ಪೌರಳು, ಕ್ಲಿಯರೆನ್ಸ್ ಆ್ಯಕ್ಟಿವ್" ಎಂದರೆ ಅವರಿಗೆ ಸಾಕು. ಮೈಸೂರಿನ ಆ ನಿವೇಶನದ ಖಾತೆ ಯಾರ ಹೆಸರಲ್ಲಿದೆ, ಬೆಲೆ ಎಷ್ಟು ಎಂದು ಊರಿಗೆ ಫೋನ್ ಮಾಡಿ ಈಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಫಾರಂ ತೆರೆದ ದಿನ ಅಪ್ಪನಿಗೆ ಕಾಗದ ಹುಡುಕಲು ಒಂದು ವಾರ ಬೇಕಾಗುತ್ತದೆ.